ರಾಜನಿಗೊಂದು ಅರ್ಜಿ

ಉಂಟರ್‌ಫ್ಯೋರಿಂಗ್

ಜರ್ಮನಿಗೆ ಹೋಗಿ ಬಂದವರು ಕೋಟೆ, ಕಾರು, ಚಾಕಲೇಟು ಅಂತ ಹೇಳುತ್ತಾರೆ. ನಾನು ಹೇಳಬೇಕಾಗಿರುವುದು ಒಬ್ಬ ರಾಜನಿಗೆ ಅರ್ಜಿ ಕೊಡಲು ಹೋದ ಕಥೆ. ಅದೂ ತನ್ನ ರಾಜರನ್ನೆಲ್ಲ ಎಂದೋ ಮನೆಗೆ ಕಳಿಸಿ ಕೈತೊಳೆದುಕೊಂಡ ದೇಶದಲ್ಲಿ.

ನಾನು ಹೋದದ್ದು ಮಗಳು ಶೈಲಜಾಳ ಬಾಣಂತನಕ್ಕೆ. ಮ್ಯೂನಿಕ್ ಊರಿನ ಪಕ್ಕ ಉಂಟರ್‌ಫ್ಯೋರಿಂಗ್ ಎಂಬಲ್ಲಿ ಅವಳ ಆಫೀಸು, ಅಲ್ಲೇ ಮೂರನೇ ಮಹಡಿಯಲ್ಲಿ ಮನೆ. ನಮ್ಮ ಯಜಮಾನರು ಪಾಸ್‌ಪೋರ್ಟಿನ ಅವಧಿ ಮುಗಿದದ್ದನ್ನು ನೋಡಿಕೊಳ್ಳದೆ ಮೈಸೂರಿನಲ್ಲೇ ಉಳಿದರು. ಒಂದು ಸೂಟ್‌ಕೇಸಿನ ತುಂಬ ಒಣಶುಂಠಿ, ಮೆಂತ್ಯ, ಅಂಟು, ಬೆಳ್ಳುಳ್ಳಿ ತುಂಬಿಕೊಂಡು ನಾನೊಬ್ಬಳೇ ಹೊರಟೆ.

ಅಳಿಯ ಗುರುಪ್ರಸಾದ ಧಾರವಾಡದ ಹುಡುಗ. ಉತ್ತರದ ಇನ್ನೊಂದು ದೇಶದಲ್ಲಿ ಲಾರಿ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಆ ದೇಶದ ಹೆಸರು ಬೇಡ, ಅಲ್ಲಿ ಇವತ್ತಿಗೂ ರಾಜ ಇದ್ದಾನೆ ಅಂದರೆ ಸಾಕು. ಅಲ್ಲಿ ವಾಸಕ್ಕೆ ಕೊಟ್ಟಿದ್ದ ಅವನ ಪರ್ಮಿಟ್ ಮುಗಿದು, ನವೀಕರಣದ ಫೈಲು ಏಳು ತಿಂಗಳಿಂದ ಯಾವುದೋ ಮೇಜಿನ ಮೇಲೆ ಕೂತಿತ್ತು. ಅದು ಇತ್ಯರ್ಥವಾಗುವ ಮೊದಲು ಅವನು ದೇಶ ಬಿಟ್ಟು ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಕೆಲಸವೂ ಹೋಯಿತು. ಇತ್ತ ಶೈಲಜಾಳಿಗೆ ಪ್ರಯಾಣ ಕೂಡದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. ಹೆರಿಗೆಗೆ ಇನ್ನು ಮೂರು ವಾರ. ಚೊಚ್ಚಲ ಕೂಸು ಹುಟ್ಟುವಾಗ ಅಪ್ಪ ಇರುತ್ತಾನೋ ಇಲ್ಲವೋ ಎಂಬುದು ಆ ಒಂದು ಫೈಲಿನ ಮೇಲೆ ನಿಂತಿತ್ತು.

ಶೈಲಜಾ ಅಳುವವಳಲ್ಲ. ಆದರೆ ಬೆಳಗ್ಗೆ ಎದ್ದ ಕೂಡಲೇ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಫೈಲಿನ ಸ್ಥಿತಿ ನೋಡುತ್ತಿದ್ದಳು. "ಅಂಡರ್ ಪ್ರೊಸೆಸ್" ಅಂತಲೇ ಇರುತ್ತಿತ್ತು. ನೋಡಿ ಫೋನು ಮಗುಚಿಟ್ಟು ಎದ್ದು ಹೋಗುತ್ತಿದ್ದಳು. ಅದನ್ನು ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು.

ಮೂವತ್ತೊಂದು ವರ್ಷ ಮೈಸೂರು ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ ಕೆಲಸ ಮಾಡಿ, ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಅರ್ಜಿ ಅಂದರೆ ಏನು, ಫೈಲು ಅಂದರೆ ಏನು, ಅದು ಯಾಕೆ ನಿಲ್ಲುತ್ತದೆ, ಯಾರು ಕೆಮ್ಮಿದರೆ ಎದ್ದು ಓಡುತ್ತದೆ ಎಲ್ಲ ಗೊತ್ತು. ಮೇಲಿನಿಂದ ಒಂದು ಮಾತು ಬರಬೇಕು, ಅಷ್ಟೆ.

ಆ ಮೇಲಿನವನೇ ಊರಿಗೆ ಬರುತ್ತಿದ್ದಾನೆ ಎಂದು ಹೇಳಿದ್ದು ಎದುರು ಮನೆಯ ಫ್ರಾವ್ ಹೂಬರ್, ನಮ್ಮ ಮಾತಿನಲ್ಲಿ ಶ್ರೀಮತಿ ಹೂಬರ್.

ಅವರ ಪರಿಚಯವಾದದ್ದು ನನ್ನ ಅಪರಾಧದಿಂದ. ಒಂದು ಭಾನುವಾರ ಬಾಣಂತಿ ಪುಡಿಗೆಂದು ಒಣಶುಂಠಿ ಕುಟ್ಟುತ್ತಿದ್ದೆ. ಬಾಗಿಲ ಗಂಟೆ ಸದ್ದಾಯಿತು. ಎಪ್ಪತ್ತು ದಾಟಿದ, ಬೆಳ್ಳಿ ಕೂದಲಿನ, ಕತ್ತಿಗೆ ಮುತ್ತಿನ ಸರ ಹಾಕಿದ ಹೆಂಗಸು. ಈ ದೇಶದಲ್ಲಿ ಭಾನುವಾರ ಸದ್ದು ಮಾಡಕೂಡದು, ಮೊಳೆ ಹೊಡೆಯಕೂಡದು, ಕುಟ್ಟಲೂ ಕೂಡದು ಎಂದು ಸಾವಕಾಶವಾಗಿ ಇಂಗ್ಲಿಷಿನಲ್ಲಿ ವಿವರಿಸಿದರು. ನಮ್ಮಲ್ಲಾದರೆ ಭಾನುವಾರವೇ ಸದ್ದಿನ ದಿನ. ಆಮೇಲೆ ಮೂಗು ಅರಳಿಸಿ, "ಇದೇನು ವಾಸನೆ?" ಅಂದರು. ಒಳಗೆ ಕರೆದು ಶುಂಠಿ ಕಾಫಿ ಕೊಟ್ಟೆ. ಅವತ್ತಿನಿಂದ ಪ್ರತಿದಿನ ಬರತೊಡಗಿದರು.

ಪ್ರವಾಸಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು. ಕೈಯಲ್ಲಿ ಯಾವಾಗಲೂ ಒಂದು ಬಣ್ಣದ ವಾರಪತ್ರಿಕೆ. ಅದರ ತುಂಬ ಯೂರೋಪಿನ ರಾಜಮನೆತನಗಳ ಸುದ್ದಿ. ಯಾವ ರಾಜಕುಮಾರಿಗೆ ಜ್ವರ, ಯಾವ ರಾಣಿ ಹೋದ ವರ್ಷದ ಕೋಟನ್ನೇ ಮತ್ತೆ ಹಾಕಿದಳು, ಎಲ್ಲವೂ ಇವರ ನಾಲಿಗೆ ತುದಿಯಲ್ಲಿ.

"ನಿಮಗೇ ರಾಜರಿಲ್ಲವಲ್ಲ?" ಅಂದೆ.

"ಇಲ್ಲ. ಅದಕ್ಕೇ ಪಕ್ಕದ ಮನೆಯವರದನ್ನು ನೋಡುತ್ತೇವೆ," ಅಂದರು, ಸ್ವಲ್ಪವೂ ನಾಚದೆ.

ಗುರುಪ್ರಸಾದ ಇರುವ ದೇಶದ ರಾಜ ಮತ್ತು ರಾಣಿ ಮುಂದಿನ ಬುಧವಾರ ಮ್ಯೂನಿಕ್ಕಿಗೆ ಬರುವವರಿದ್ದರು. ಪುರಭವನದ ಮುಂದೆ ಜನರ ನಡುವೆ ನಡೆದು ಬರುತ್ತಾರಂತೆ. ಫ್ರಾವ್ ಹೂಬರ್ ಆ ರಾಣಿಯನ್ನು ಪತ್ರಿಕೆಯಲ್ಲಿ ನೋಡುತ್ತ ನಲವತ್ತು ವರ್ಷವಾಗಿತ್ತಂತೆ, ಎದುರಿಗೆ ಒಮ್ಮೆಯೂ ನೋಡಿರಲಿಲ್ಲ. ನನಗೆ ಮೈ ಜುಂ ಎಂದಿತು. ಕಾರಣ ಬೇರೆ.

ಹಳೆಯ ಅರಮನೆ

ರಾಜರ ವಿಷಯದಲ್ಲಿ ನನಗೆ ತಯಾರಿ ಬೇಕೆಂದು ಫ್ರಾವ್ ಹೂಬರ್ ನನ್ನನ್ನು ಊರ ನಡುವಿನ ಅರಮನೆಗೆ ಕರೆದುಕೊಂಡು ಹೋದರು. ಹಿಂದೆ ಈ ಸೀಮೆಯನ್ನಾಳಿದ ಬವೇರಿಯಾದ ರಾಜರಿದ್ದ ಜಾಗ, ಈಗ ಮ್ಯೂಸಿಯಂ. ಬಾಗಿಲಲ್ಲಿ ನಾನು ಬಗ್ಗಿ ಶೂ ಬಿಚ್ಚತೊಡಗಿದೆ. ಕಾವಲಿನವನು ಗಾಬರಿಯಾಗಿ ಓಡಿ ಬಂದ. ಕಾಲಿಗೇನೋ ಆಯಿತೆಂದುಕೊಂಡನಂತೆ.

"ನಮ್ಮೂರ ಅರಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ," ಅಂದೆ.

"ಅಲ್ಲಿ ಇನ್ನೂ ರಾಜರಿದ್ದಾರಾ?" ಕೇಳಿದರು ಫ್ರಾವ್ ಹೂಬರ್.

ಏನು ಹೇಳುವುದು? ಇದ್ದಾರೆ, ಇಲ್ಲ. ರಾಜ್ಯವಿಲ್ಲ, ಆದರೆ ದಸರಾದಲ್ಲಿ ಮನೆಯೊಳಗಿನ ದರ್ಬಾರಿದೆ. ಕಂದಾಯ ನಾವು ಸರ್ಕಾರಕ್ಕೆ ಕಟ್ಟುತ್ತೇವೆ, ಕೈ ಅವರಿಗೆ ಮುಗಿಯುತ್ತೇವೆ. ಇಷ್ಟು ಹೇಳುವಷ್ಟರಲ್ಲಿ ಫ್ರಾವ್ ಹೂಬರ್ ತಲೆದೂಗಿ, "ಈಗ ಬರುವ ರಾಜನದೂ ಹಾಗೇ. ಸರ್ಕಾರ ಬರೆದುಕೊಟ್ಟ ಭಾಷಣ ಓದುತ್ತಾರೆ, ಸೇತುವೆ ಉದ್ಘಾಟಿಸುತ್ತಾರೆ, ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ. ಬಹಳ ಕಷ್ಟದ ಕೆಲಸ," ಅಂದರು.

ಬಾಯಿ ಬಿಡದಿರುವುದು ಕಷ್ಟದ ಕೆಲಸವೇ ಎಂದು ಮನಸ್ಸಿನಲ್ಲೇ ನಕ್ಕೆ. ಬಾಯಿ ಬಿಡದ ಸಾಹೇಬರನ್ನು ನಾನು ಎಷ್ಟು ಕಂಡಿಲ್ಲ! ಒಳಗಿನ ಕೋಣೆಗೆ ಕರೆದು ಒಂದು ಮಾತು ಹೇಳುತ್ತಾರೆ, ಕೆಲಸ ಆಗಿಹೋಗುತ್ತದೆ. ದೊಡ್ಡವರೆಲ್ಲ ಒಂದೇ ಎಂದುಕೊಂಡೆ.

ಅರ್ಜಿಯ ಕರಡು

ಶೈಲಜಾಳಿಗೆ ಹೇಳಿದ್ದೇ ತಪ್ಪಾಯಿತು.

"ಅಮ್ಮ, ಇದು ಜನತಾ ದರ್ಶನ ಅಲ್ಲ ಕಣಮ್ಮ! ಅಲ್ಲಿ ಸೆಕ್ಯುರಿಟಿ ಇರತ್ತೆ. ನೀನು ಕವರ್ ಹಿಡ್ಕೊಂಡು ನುಗ್ಗಿ ಏನಾದ್ರೂ ಎಡವಟ್ಟಾದ್ರೆ ಗುರು ಫೈಲ್‌ಗೆ ಎಫೆಕ್ಟ್ ಆಗತ್ತೆ. ನೀನು ವಿಸಿಟರ್ ವೀಸಾದಲ್ಲಿದೀಯ, ನೆನಪಿರಲಿ."

"ನುಗ್ಗೋದಿಲ್ಲ, ಕೊಡ್ತೀನಿ ಅಷ್ಟೆ."

"ಕೊಡೋದೂ ಬೇಡ. ಪ್ರಾಮಿಸ್ ಮಾಡು."

ಅಳಿಯನಿಗೆ ಫೋನು ಹೋಯಿತು. ಅವನು ಇನ್ನೂ ಒಂದು ಕೈ ಮೇಲೆ.

"ಅತ್ತಿ, ನಿಮಗ ಕೈ ಮುಗೀತೀನ್ರಿ, ಸುಮ್ನಿರ್ರಿ. ಇಲ್ಲಿ ರಾಜಾ ಅಂದ್ರ ನಾಣ್ಯದ ಮ್ಯಾಲಿನ ಮಾರಿ ಅಷ್ಟ. ಅಂವ ಹೇಳಿದ್ರ ಟ್ರಾಫಿಕ್ ಸಿಗ್ನಲ್ ಸೈತ ಬದಲಾಗಂಗಿಲ್ಲ."

"ಹಾಗಾದ್ರೆ ಅವನನ್ನ ಯಾಕೆ ಇಟ್ಕೊಂಡಿದಾರಪ್ಪ?"

"ಅದನ್ನ ಇಲ್ಲಿ ಮಂದಿನೂ ಕೇಳ್ತಾರ್ರಿ. ಆದ್ರ ತಗದು ಒಗ್ಯಾಕ ಯಾರಿಗೂ ಮನಸಿಲ್ಲ."

ಸರಿ ಎಂದು ತಲೆಯಾಡಿಸಿದೆ. ಮಗಳ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಎಚ್ಚರವಾಗಿದ್ದೆ. ಮರುದಿನ ಅವಳು ಮಧ್ಯಾಹ್ನ ಮಲಗಿದಾಗ ಊಟದ ಮೇಜಿನ ಮುಂದೆ ಕುಳಿತು ಇಂಗ್ಲಿಷಿನಲ್ಲಿ ಬರೆದೆ. ವಿಷಯ, ಉಲ್ಲೇಖ, ಫೈಲಿನ ನಂಬರು, ಮೂರು ಪ್ಯಾರಾ, ಕೊನೆಗೆ "ತಾವು ದಯಮಾಡಿ". ಕಂಬನಿಯ ಮಾತು ಒಂದೂ ಇಲ್ಲ. ಅಳುವ ಅರ್ಜಿಗೆ ಬೆಲೆಯಿಲ್ಲ ಎಂಬುದು ನನ್ನ ಅನುಭವ. ಎರಡು ಪ್ರತಿ ಮಾಡಿದೆ: ಒಂದು ಅವರಿಗೆ, ಇನ್ನೊಂದರ ಮೇಲೆ ಸ್ವೀಕೃತಿಯ ರುಜು ಹಾಕಿಸಿಕೊಳ್ಳಲು. ಸ್ವೀಕೃತಿ ಇಲ್ಲದ ಅರ್ಜಿ ಬಾವಿಗೆ ಹಾಕಿದ ಕಲ್ಲು.

ಬುಧವಾರ ಬೆಳಗ್ಗೆ, ಮಾರ್ಕೆಟ್ಟಿಗೆ ಹೋಗಿ ಬಿಳಿ ಆಸ್ಪರಾಗಸ್ ತರುತ್ತೇವೆ ಎಂದು ಸುಳ್ಳು ಹೇಳಿ ಫ್ರಾವ್ ಹೂಬರ್ ಜೊತೆ ರೈಲು ಹತ್ತಿದೆ. ಏಪ್ರಿಲ್ ಕೊನೆಯಲ್ಲಿ ಇಲ್ಲಿನವರಿಗೆ ಆ ತರಕಾರಿಯ ಹುಚ್ಚು, ಆದ್ದರಿಂದ ಸುಳ್ಳು ಸುಲಭವಾಗಿ ನಡೆಯಿತು. ಬಾಗಿಲು ಹಾಕುವಾಗ ಶೈಲಜಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಸುಸ್ತಿರಬೇಕು ಅಂದುಕೊಂಡೆ.

ಮರೀನ್‌ಪ್ಲಾಟ್ಸ್

ಪುರಭವನದ ಮುಂದಿನ ಮರೀನ್‌ಪ್ಲಾಟ್ಸ್ ಚೌಕದಲ್ಲಿ ಕಬ್ಬಿಣದ ಬೇಲಿಗಳನ್ನು ಸಾಲಾಗಿ ಇಟ್ಟಿದ್ದರು. ಬೇಲಿಗಳ ನಡುವೆ ರಾಜ ನಡೆಯುವ ಖಾಲಿ ದಾರಿ. ಜನ ಆಗಲೇ ಸೇರಿದ್ದರು, ಆದರೆ ತಳ್ಳಾಟವಿಲ್ಲ. ಒಬ್ಬ ಹೆಂಗಸು ಮಡಚುವ ಕುರ್ಚಿ ತಂದಿದ್ದಳು, ಇನ್ನೊಬ್ಬಳು ಡಬ್ಬಿಯಲ್ಲಿ ಆಲೂಗೆಡ್ಡೆ ಸಲಾಡು. ನಮ್ಮ ಜಂಬೂಸವಾರಿಗೆ ಬೆಳಗ್ಗೆಯಿಂದ ಜಾಗ ಹಿಡಿದು ಚಿತ್ರಾನ್ನದ ಡಬ್ಬಿ ಬಿಚ್ಚುವವರ ನೆನಪಾಯಿತು. ರಾಜರಿಲ್ಲದ ಊರಿನ ಜನ ಪರವೂರ ರಾಜನಿಗೆ ಕಾಗದದ ಬಾವುಟ ಹಿಡಿದು ನಿಂತಿದ್ದರು.

ಚೀಲ ತಪಾಸಣೆಯ ಸರದಿ ಬಂತು. ಒಬ್ಬ ಪೊಲೀಸ್ ಹೆಂಗಸು ಚೀಲ ಬಿಚ್ಚಿ ಒಂದೊಂದೇ ತೆಗೆದಿಟ್ಟಳು. ನೀರು, ಸ್ವೆಟರು, ಕನ್ನಡಕದ ಡಬ್ಬಿ, ಉದ್ದನೆಯ ಬಿಳಿ ಲಕೋಟೆ. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಿಂದ ಸವರಿದಳು. ಏನೋ ಕೇಳಿದಳು. ಫ್ರಾವ್ ಹೂಬರ್ ಉತ್ತರ ಕೊಟ್ಟರು. ಅವಳು ನಕ್ಕು ಲಕೋಟೆ ವಾಪಸು ಕೊಟ್ಟಳು.

"ಏನೆಂದಿರಿ?"

"ನೀವು ರಾಜನಿಗೆ ಕವಿತೆ ಬರೆದಿದ್ದೀರಿ ಅಂದೆ. ಅದರಲ್ಲಿ ನಿಜವಾಗಿ ಏನಿದೆ, ಫ್ರಾವ್ ಪ್ರಮೀಳಾ?"

ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು. ಶುಭಾಶಯದ ಕಾರ್ಡು ಎಂದು ತಿಳಿದಿದ್ದರಂತೆ. ಆಮೇಲೆ, "ಅವರು ತೆಗೆದುಕೊಳ್ಳುವುದಿಲ್ಲ," ಎಂದಷ್ಟೇ ಹೇಳಿ ಮುತ್ತಿನ ಸರ ಸರಿಮಾಡಿಕೊಂಡರು. ನನ್ನ ಪಕ್ಕದಿಂದ ಮಾತ್ರ ಕದಲಲಿಲ್ಲ.

ನಮಗೆ ಬೇಲಿಗೆ ಅಂಟಿಕೊಂಡೇ ಜಾಗ ಸಿಕ್ಕಿತು. ಕರಿ ಕಾರುಗಳು ಬಂದವು. ರಾಜ ಇಳಿದ. ಎತ್ತರದ, ಸ್ವಲ್ಪ ಬೆನ್ನು ಬಾಗಿದ, ಬೂದು ಕೋಟಿನ ಮನುಷ್ಯ. ಹೈಸ್ಕೂಲು ಹೆಡ್‌ಮಾಸ್ಟರ್ ಎಂದರೂ ನಂಬಬಹುದಿತ್ತು. ರಾಣಿ ನೀಲಿ ಕೋಟಿನಲ್ಲಿ ಅವನಿಂದ ನಾಲ್ಕು ಹೆಜ್ಜೆ ಹಿಂದೆ. ಜನ ಹೂ ಕೊಟ್ಟರು, ರಾಣಿ ತೆಗೆದುಕೊಂಡು ಹಿಂದಿನವರಿಗೆ ದಾಟಿಸಿದಳು. ಇಬ್ಬರದೂ ಎಲ್ಲರಿಗೂ ಒಂದೇ ಅಳತೆಯ ನಗು. ರಾಜ ಒಬ್ಬೊಬ್ಬರ ಮುಂದೆ ನಿಂತು ಎರಡು ಮಾತಾಡುತ್ತಿದ್ದ. ಮಾತು ಮುಗಿದ ತಕ್ಷಣ ಕೈ ಎರಡೂ ಬೆನ್ನ ಹಿಂದೆ ಹೋಗುತ್ತಿದ್ದವು.

ಆಗ ಫೋನು ನಡುಗಿತು. ಶೈಲಜಾ. ಆಸ್ಪರಾಗಸ್ ವಿಷಯ ಕೇಳುತ್ತಾಳೆ ಎಂದುಕೊಂಡು ಬಿಟ್ಟೆ. ಮತ್ತೆ ನಡುಗಿತು. ರಾಜ ಹದಿನೈದು ಹೆಜ್ಜೆ ದೂರದಲ್ಲಿದ್ದ. ತೆಗೆದರೆ ಗದ್ದಲ ಕೇಳಿಸುತ್ತದೆ, ಸುಳ್ಳು ಬಯಲಾಗುತ್ತದೆ. ಬಿಟ್ಟೆ. ಮೂರನೇ ಸಲ ನಡುಗಿತು. ಆದರೂ ಕೈ ಲಕೋಟೆಯ ಮೇಲೇ ಇತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ರಾಜ ನನ್ನ ಮುಂದೆ ನಿಂತ. ಸೀರೆ ನೋಡಿ ನಿಂತಿರಬೇಕು.

"ಬಹಳ ದೂರದಿಂದ ಬಂದಿದ್ದೀರಿ?"

"ಮೈಸೂರಿನಿಂದ. ಅಲ್ಲಿಯೂ ಅರಮನೆ ಇದೆ," ಅಂದೆ. ಲಕೋಟೆ ಮುಂದೆ ಮಾಡಿದೆ. "ನನ್ನ ಅಳಿಯ ನಿಮ್ಮ ದೇಶದಲ್ಲಿದ್ದಾನೆ. ಏಳು ತಿಂಗಳಿಂದ ಫೈಲು ನಿಂತಿದೆ. ಇನ್ನೆರಡು ವಾರಕ್ಕೆ ಮಗಳ ಹೆರಿಗೆ. ತಾವು ಒಂದು ಮಾತು ಹೇಳಿದರೆ ಸಾಕು."

ರಾಜನ ಕೈಗಳು ಬೆನ್ನ ಹಿಂದೆಯೇ ಇದ್ದವು. ಪಕ್ಕದಿಂದ ಬಿಳಿ ಸೂಟಿನ ಹೆಂಗಸೊಬ್ಬಳು ಮುಂದೆ ಬಂದು ಲಕೋಟೆಯ ಇನ್ನೊಂದು ತುದಿ ಹಿಡಿದು, "ಸಂಬಂಧಪಟ್ಟ ಇಲಾಖೆಗೆ ಕಳಿಸುತ್ತೇವೆ," ಎಂದು ನಕ್ಕಳು.

ಆ ನಗು ನನಗೆ ಗೊತ್ತು. ಮೂವತ್ತೊಂದು ವರ್ಷ ನಾನೇ ನಕ್ಕ ನಗು. ಮೇಜಿನ ಆಚೆ ಕೈ ಮುಗಿದು ನಿಂತ ವಿಧವೆಯರಿಗೆ, ಪಹಣಿಗೆ ಬಂದ ಮುದುಕರಿಗೆ ಇದೇ ಮಾತು ಹೇಳಿ ಕಳಿಸಿದ್ದೇನೆ. ಲಕೋಟೆ ಬಿಡಲಿಲ್ಲ. "ಸ್ವೀಕೃತಿ ಕೊಡಿ," ಅಂದೆ. ಪೊಲೀಸಿನವನೊಬ್ಬ ಹತ್ತಿರ ಬಂದ. ಫ್ರಾವ್ ಹೂಬರ್ ನನ್ನ ಮೊಣಕೈ ಹಿಡಿದರು.

ರಾಜ ಕೈ ಎತ್ತಿ ಅವನನ್ನು ತಡೆದ. ನನ್ನ ಕಡೆ ಬಗ್ಗಿ, ಮೆಲ್ಲಗೆ, ಆ ಅಳತೆಯ ನಗು ಇಲ್ಲದೆ ಹೇಳಿದ:

"ಅಮ್ಮಾ, ನನ್ನ ದೇಶದಲ್ಲಿ ಆ ಫೈಲನ್ನು ಮುಟ್ಟಲೇಬಾರದ ಮನುಷ್ಯ ಒಬ್ಬನೇ ಇದ್ದಾನೆ. ಅದು ನಾನು. ನನ್ನ ಮನೆಯಿಂದ ಈ ಕಾಗದ ಹೋದರೆ, ಅಲ್ಲಿ ಕೂತ ಮನುಷ್ಯ ಹೆದರಿ ಮತ್ತೆ ಮೊದಲಿನಿಂದ ಓದುತ್ತಾನೆ."

"ಅಮ್ಮಾ" ಎಂಬುದು ನಾನು ಸೇರಿಸಿದ್ದು. ಉಳಿದದ್ದು ಅವನದೇ ಮಾತು. ಅದು ಎಷ್ಟು ನಿಜ ಎಂದು ಅಲ್ಲಿದ್ದವರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮಂತ್ರಿಯ ಚೀಟಿ ಬಂದ ಫೈಲನ್ನು ನಾವು ಹೇಗೆ ಕನ್ನಡಕ ಒರೆಸಿಕೊಂಡು, ತಪ್ಪು ಹುಡುಕಿ, ಮೈ ಕಾಪಾಡಿಕೊಳ್ಳಲು ಇನ್ನೊಂದು ಸ್ಪಷ್ಟೀಕರಣ ಕೇಳುತ್ತಿದ್ದೆವು! ಮಗಳು ಹೆದರಿದ್ದೂ ಇದಕ್ಕೇ. ಲಕೋಟೆಯನ್ನು ಆ ಹೆಂಗಸಿನ ಬೆರಳಿನಿಂದ ಹಿಂದಕ್ಕೆ ಎಳೆದುಕೊಂಡೆ.

ನಾಲ್ಕನೇ ಸಲ ಫೋನು ನಡುಗಿತು. ರಾಜನೇ ಅದರ ಕಡೆ ನೋಡಿ, "ತೆಗೆದುಕೊಳ್ಳಿ," ಅಂದ.

"ಅಮ್ಮ, ಎಲ್ಲಿದೀಯಾ?" ಶೈಲಜಾ ಏದುಸಿರು ಬಿಡುತ್ತಿದ್ದಳು. "ನೀರು ಹೋಗ್ಬಿಡ್ತು. ಟ್ಯಾಕ್ಸಿ ಕರ್ಸಿದೀನಿ. ನೇರ ಆಸ್ಪತ್ರೆಗೆ ಬಾ. ಬೇಗ ಬಾಮ್ಮ, ನಂಗೆ ಭಯ ಆಗ್ತಿದೆ."

ಬೇಲಿಯ ಒಳಗೆ

ಹಿಂದೆ ಹತ್ತು ಸಾಲು ಜನ. ಹೊರಗೆ ಹೋಗುವ ದಾರಿಯೇ ಇಲ್ಲ. "ಮಗಳಿಗೆ ಹೆರಿಗೆ ನೋವು," ಎಂದು ಯಾರಿಗೆ ಹೇಳಿದೆನೋ ಗೊತ್ತಿಲ್ಲ. ರಾಜ ಪೊಲೀಸಿನವನ ಕಡೆ ತಿರುಗಿ ಎರಡು ಶಬ್ದ ಹೇಳಿದ. ಕಬ್ಬಿಣದ ಬೇಲಿಯ ಒಂದು ತುಂಡು ಸರಿಯಿತು. ಅಷ್ಟು ಅಧಿಕಾರ ಅವನಿಗಿತ್ತು, ಅಷ್ಟನ್ನು ಬಳಸಿದ.

ನಾನು ಒಳಗೆ ಕಾಲಿಟ್ಟು ನಿಂತುಬಿಟ್ಟೆ. ಯಾವ ಆಸ್ಪತ್ರೆ, ಯಾವ ರೈಲು, ಎಲ್ಲ ಶೈಲಜಾಳ ತಲೆಯಲ್ಲಿತ್ತು, ನನ್ನ ತಲೆಯಲ್ಲಿರಲಿಲ್ಲ. ತಿರುಗಿ ನೋಡಿದೆ. ರಾಣಿ ಆಗಲೇ ಫ್ರಾವ್ ಹೂಬರ್ ಪಕ್ಕದವಳ ಕೈ ಹಿಡಿದಿದ್ದಳು. ಮುಂದಿನ ಕೈ ಇವರದೇ. ಇವರು ಕೈಗವಸು ಬಿಚ್ಚಿ ಹಿಡಿದುಕೊಂಡು ನಿಂತಿದ್ದರು. ಒಂದು ಸಲ ರಾಣಿಯ ಮುಖ ನೋಡಿದರು, ಒಂದು ಸಲ ನನ್ನ ಮುಖ. ಆಮೇಲೆ ಬೇಲಿಯ ಸಂದಿನಲ್ಲಿ ನುಸುಳಿ ಬಂದು ನನ್ನ ಕೈ ಹಿಡಿದರು.

"ಬನ್ನಿ. ಆಸ್ಪತ್ರೆ ನನಗೆ ಗೊತ್ತು."

ರಾಜ ನಡೆಯಬೇಕಿದ್ದ ಖಾಲಿ ದಾರಿಯಲ್ಲಿ ನಾವಿಬ್ಬರೂ ಓಡಿದೆವು. ಹತ್ತಿಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಮಗಳ ಹಳೆಯ ಶೂ. ನನ್ನನ್ನು ಯಾರೋ ದೊಡ್ಡವಳೆಂದುಕೊಂಡು ಜನ ಬಾವುಟ ಆಡಿಸಿದರು. ಫ್ರಾವ್ ಹೂಬರ್ ಒಮ್ಮೆಯೂ ಹಿಂದೆ ನೋಡಲಿಲ್ಲ. ಟ್ಯಾಕ್ಸಿಯಲ್ಲಿ ಕೂತ ಮೇಲೆ ನಾನು ಏನೋ ಹೇಳಲು ಹೋದೆ. ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಪತ್ರಿಕೆಯಲ್ಲಿ ಫೋಟೋ ಬರುತ್ತದೆ ಬಿಡಿ," ಅಂದರು. ನಾನು ಅವರ ಕೈ ಬಿಡಲಿಲ್ಲ.

ಹೆರಿಗೆ ಕೋಣೆ

ಗುರುಪ್ರಸಾದನ ಫೈಲು ತನ್ನ ಸರದಿಯಲ್ಲೇ ಬಂತು, ಕೂಸು ಮುಖ ನೋಡಿ ನಗಲು ಕಲಿತ ಮೇಲೆ. ಯಾರೂ ಅದನ್ನು ತಡೆದಿರಲಿಲ್ಲ, ಯಾರೂ ತಳ್ಳಲೂ ಇಲ್ಲ. ಅವನು ಬಂದ ದಿನ ನಾನು ವಾಪಸು ಹೊರಡುವ ಸಿದ್ಧತೆಯಲ್ಲಿದ್ದೆ. ಆದರೆ ನಾನು ಹೇಳಬೇಕಾದದ್ದು ಆ ಬುಧವಾರದ ಸಂಜೆ.

ಒಳಗೆ ಒಬ್ಬರಿಗೆ ಮಾತ್ರ ಅವಕಾಶ. ತಿಂಗಳ ಹಿಂದೆಯೇ ತುಂಬಿಕೊಟ್ಟ ಫಾರಮ್ಮಿನಲ್ಲಿ ಜೊತೆಗಿರುವವರು ಎಂಬಲ್ಲಿ ಶೈಲಜಾ ಗಂಡನ ಹೆಸರು ಬರೆದಿದ್ದಳು. ಅದನ್ನು ಹೊಡೆದುಹಾಕಿ ನಿಮ್ಮ ಹೆಸರು ಬರೆಯಿರಿ ಎಂದು ನರ್ಸು ನನಗೆ ಪೆನ್ನು ಕೊಟ್ಟಳು. ಎಷ್ಟೋ ಸಾವಿರ ಹೆಸರು ಹೊಡೆದು ಬರೆದ ಕೈ ನನ್ನದು. ಅವತ್ತು ಒಂದು ಗೆರೆ ಎಳೆಯಲಿಕ್ಕೆ ಆಗಲಿಲ್ಲ. ಶೈಲಜಾ ನೋವಿನ ನಡುವೆಯೇ ಪೆನ್ನು ಕಿತ್ತುಕೊಂಡು ತಾನೇ ಹೊಡೆದು ಬರೆದಳು. ಎಲ್ಲಿಗೆ ಹೋಗಿದ್ದೆ ಎಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ. ಬೈಯಲೂ ಇಲ್ಲ, ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದುಕೊಂಡಳು.

ಸಂಜೆ ಆರರ ಸುಮಾರಿಗೆ ಹೆಣ್ಣುಕೂಸು. ಚಿಕ್ಕದು, ಗಟ್ಟಿಮುಟ್ಟು. ಎರಡು ಸಲ ಅತ್ತು ಸುಮ್ಮನಾಯಿತು.

ಗುರುಪ್ರಸಾದನಿಗೆ ವಿಡಿಯೋ ಹಾಕಿದೆ. ಅವನು ಫೋನು ಎತ್ತಿದ, ಕ್ಯಾಮೆರಾ ಮುಚ್ಚಿದ್ದ.

"ಅತ್ತಿ, ವಿಡಿಯೋ ಬ್ಯಾಡ್ರಿ. ನೋಡಿದ್ರ ನನಗ ಇಲ್ಲಿ ಇರಾಕ ಆಗಂಗಿಲ್ಲ. ಎಲ್ಲಾ ಬಿಟ್ಟು ಬಂದುಬಿಡ್ತೀನಿ."

"ಮತ್ತೆ ಏನಪ್ಪ ಮಾಡಲಿ?"

"ಕೂಸಿನ ಕಿವಿ ಹತ್ರ ಫೋನ್ ಹಿಡೀರಿ. ಒಂದು ಮಾತು ಹೇಳ್ತೀನಿ."

ಹಿಡಿದೆ. ಶೈಲಜಾ ತಲೆ ಎತ್ತಿ ನೋಡುತ್ತಿದ್ದಳು. ಕೂಸು ಕಣ್ಣು ಮುಚ್ಚಿ ಸುಮ್ಮನೆ ಮಲಗಿತ್ತು. ಅಳು ಬರುತ್ತಿದ್ದದ್ದು ಫೋನಿನಿಂದ.